ಹಾಡು ಒಂದು ದಿನ, ಬೇಲಿ ಎಷ್ಟು ದಿನ?

2025ರ ಯುಗಾದಿ ಮುಗಿಸಿಕೊಂಡು ಏಪ್ರಿಲ್‌ನಲ್ಲಿ ಅಮ್ಮ ಲಂಡನ್ನಿಗೆ ಬಂದಾಗ ಅವಳ ಕೈಚೀಲದಲ್ಲಿ ವಿಶ್ವಾವಸು ಸಂವತ್ಸರದ ಒಂಟಿಕೊಪ್ಪಲ್ ಪಂಚಾಂಗವಿತ್ತು. ಅದರಲ್ಲಿರುವ ಸೂರ್ಯೋದಯ ಇಲ್ಲಿಯದಲ್ಲ, ತಿಥಿಯ ಗಳಿಗೆಯೂ ಹೊಂದುವುದಿಲ್ಲ. ಆದರೂ ಬೆಳಿಗ್ಗೆ ಕಾಫಿ ಕುಡಿದು, ಪಂಚಾಂಗದ ಪುಟ ನೋಡಿ, ಸ್ವೆಟರಿನ ಮೇಲೆ ಶಾಲು ಹೊದ್ದು ಅವಳು ಬ್ರಾಕ್‌ವೆಲ್ ಪಾರ್ಕಿಗೆ ಹೊರಡುತ್ತಿದ್ದಳು. ಆ ಉದ್ಯಾನ ನಗರದ ದಕ್ಷಿಣ ಭಾಗದಲ್ಲಿ, ಬ್ರಿಕ್ಸ್‌ಟನ್ ಮತ್ತು ಹರ್ನ್ ಹಿಲ್ ಬಡಾವಣೆಗಳ ನಡುವೆ ಇದೆ. ಸುಮಾರು 50 ಹೆಕ್ಟೇರ್ ಹುಲ್ಲು, ಮರ, ಕೊಳ. ನಡುವೆ ಏರುವ ಗುಡ್ಡದ ನೆತ್ತಿಯಲ್ಲಿ ಇನ್ನೂರು ವರ್ಷ ಹಳೆಯ ಬ್ರಾಕ್‌ವೆಲ್ ಹಾಲ್. ಅಲ್ಲಿ ನಿಂತರೆ ದೂರದ ಗಾಜಿನ ಗೋಪುರಗಳು ಮಂಜಿನಲ್ಲಿ ಕಾಣುತ್ತವೆ.

ಅಮ್ಮನಿಗೆ ಅಲ್ಲಿ ಒಂದು ಬೆಂಚು ಗೊತ್ತಾಯಿತು. ಬೆಂಚಿನ ಜೊತೆಗೆ ಒಬ್ಬ ಗೆಳತಿಯೂ ಸಿಕ್ಕಿದಳು. ಎಪ್ಪತ್ತೈದು ದಾಟಿದ, ಜಮೈಕಾದಿಂದ ಎಳವೆಯಲ್ಲಿ ಬಂದು ಇಲ್ಲಿಯೇ ನೆಲೆಸಿದ ಅಜ್ಜಿ. ಅಮ್ಮನಿಗೆ ಬರುವ ಇಂಗ್ಲಿಷು ನಾಲ್ಕಾರು ಮಾತು, ಆ ಅಜ್ಜಿಗೆ ಕನ್ನಡ ಸೊನ್ನೆ. ಇಬ್ಬರೂ ಮಂಡಿ ಮುಟ್ಟಿ ತೋರಿಸಿಕೊಂಡು ನೋವಿನ ಕಥೆ ಹೇಳಿಕೊಳ್ಳುತ್ತಿದ್ದರು. ಅಮ್ಮ ಡಬ್ಬಿಯಲ್ಲಿ ಕೋಡುಬಳೆ ಒಯ್ಯುತ್ತಿದ್ದಳು, ಅವರು ಶುಂಠಿಯ ಕೇಕು ತರುತ್ತಿದ್ದರು.

ಮೇ ತಿಂಗಳಲ್ಲಿ ಒಂದು ದಿನ ಅಮ್ಮ ಬೇಗನೆ ಮರಳಿದಳು. ಬೆಂಚಿನ ದಾರಿಗೆ ಅಡ್ಡವಾಗಿ ಬೇಲಿ ಬಂದಿದೆ ಎಂದಳು. ನಾನೂ ಹೋಗಿ ನೋಡಿದೆ. ತಲೆಗಿಂತ ಎತ್ತರದ ಹಲಗೆಗಳ ಸಾಲು ಹುಲ್ಲಿನ ಬಯಲನ್ನು ಎರಡಾಗಿ ಸೀಳಿ ಗುಡ್ಡದ ಮಗ್ಗುಲಿಗೆ ಹತ್ತಿತ್ತು. ಒಳಗಡೆ ಲಾರಿಗಳು ಹಿಂದಕ್ಕೆ ಸರಿಯುವ ಸದ್ದು, ಕಬ್ಬಿಣದ ಕೊಳವೆಗಳನ್ನು ಕೆಳಗಿಡುವ ಸದ್ದು.

"ಯಾರ ಮನೆಯ ಮದುವೆಯೋ ಇದು?" ಎಂದು ಅಮ್ಮ ಕೇಳಿದಳು.

ಮದುವೆಯಲ್ಲ, ಸಂಗೀತ ಉತ್ಸವಗಳು, ಟಿಕೆಟ್ ಕೊಂಡವರು ಮಾತ್ರ ಒಳಗೆ ಹೋಗಬಹುದು ಎಂದೆ. ಅಮ್ಮ ಸ್ವಲ್ಪ ಹೊತ್ತು ಬೇಲಿಯನ್ನೇ ನೋಡಿದಳು. "ಇದು ಊರಿನವರ ಜಾಗ ಎಂದು ನೀನೇ ಹೇಳಿದ್ದೆಯಲ್ಲ?" ಎಂದಳು. ಮನೆಗೆ ಬಂದವಳೇ ಪಂಚಾಂಗ ತೆರೆದು ಆ ದಿನದ ತಿಥಿಯ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆದಳು. ಬೇಲಿ ಇರುವಷ್ಟು ದಿನವೂ ದಿನಕ್ಕೊಂದು ಗೆರೆ ಎಳೆಯುತ್ತೇನೆ ಎಂದಳು.

ಅಮ್ಮ ಹುಟ್ಟಿ ಬೆಳೆದದ್ದು ಕೆ.ಆರ್. ನಗರದ ಕಡೆಯ ಒಂದು ಹಳ್ಳಿಯಲ್ಲಿ. ಊರಿನ ಹೊರಗೆ ಒಂದು ಗುಂಡುತೋಪು ಇತ್ತು. ಮಾವು, ಹುಣಿಸೆ, ಹೊಂಗೆ, ಇಪ್ಪೆ. ಯಾರ ಹೆಸರಿನಲ್ಲೂ ಪಹಣಿ ಇಲ್ಲದ ಆ ನೆರಳು ಎಲ್ಲರಿಗೂ ಸೇರಿದ್ದು. ದನ ಕಾಯುವವರು ಅಲ್ಲಿ ಬುತ್ತಿ ಬಿಚ್ಚುತ್ತಿದ್ದರು, ಸಂತೆಗೆ ಹೋಗುವ ಗಾಡಿಗಳು ಅಲ್ಲಿ ಎತ್ತು ಬಿಚ್ಚುತ್ತಿದ್ದವು. ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ಇಡೀ ತೋಪು ತುಂಬಿ, ತಮಟೆ, ನಗಾರಿ, ಮೈಕು ಎಲ್ಲ ಸೇರಿ ರಾತ್ರಿಯಿಡೀ ಗದ್ದಲವೇ ಗದ್ದಲ. ಯಾರೂ ದೂರು ಹೇಳುತ್ತಿರಲಿಲ್ಲ. ಆ ದಿನಗಳಲ್ಲಿ ನಾಟಕದ ಕಂಪನಿಯವರು ತೋಪಿನ ಒಂದು ಮೂಲೆಯಲ್ಲಿ ತಗಡಿನ ಗೋಡೆ ನಿಲ್ಲಿಸಿ ಟಿಕೆಟ್ ಇಟ್ಟು ನಾಟಕ ಆಡುತ್ತಿದ್ದರಂತೆ. ಅದನ್ನು ಅಮ್ಮನೇ ನೆನಪಿಸಿಕೊಂಡಳು. ಹಾಗಾದರೆ ವ್ಯತ್ಯಾಸ ಎಲ್ಲಿದೆ ಎಂದು ಕೇಳಿದೆ. ಅವಳು ಬಹಳ ಯೋಚಿಸಲಿಲ್ಲ. "ಅವರು ಮೂಲೆಯಲ್ಲಿ ಹಾಕುತ್ತಿದ್ದರು, ಕೇಳಿ ಹಾಕುತ್ತಿದ್ದರು. ನಮ್ಮ ದನ ನೀರಿಗೆ ಹೋಗುವ ದಾರಿ ಯಾರೂ ಕಟ್ಟುತ್ತಿರಲಿಲ್ಲ" ಎಂದಳು.

ಬ್ರಾಕ್‌ವೆಲ್ ಪಾರ್ಕಿನ ಸುತ್ತ ವರ್ಷಗಳಿಂದ ನಡೆದಿರುವ ಜಗಳದ ತಿರುಳೂ ಇದೇ ಎಂದು ನನಗೆ ಅನ್ನಿಸುತ್ತದೆ. ನಿವಾಸಿಗಳ ಸಭೆ, ಕರಪತ್ರ, ಅರ್ಜಿಗಳಲ್ಲಿ ಕಾಣುವ ಬೇರೆ ಬೇರೆ ದೂರುಗಳ ಅಡಿಯಲ್ಲಿರುವುದು ಮೂಲೆ ಎಷ್ಟು, ಕೇಳಿದ್ದು ಯಾರನ್ನು, ದಾರಿ ಕಟ್ಟಿದ್ದು ಎಷ್ಟು ದಿನ ಎಂಬ ಪ್ರಶ್ನೆಗಳೇ.

ಈ ಜಾಗ ಸಾರ್ವಜನಿಕರಿಗೆ ಬಂದ ಬಗೆಯನ್ನು ನೆನೆದರೆ ನನಗೆ ಪ್ರತಿ ಸಲವೂ ಎದೆ ಭಾರವಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇದು ಖಾಸಗಿ ಎಸ್ಟೇಟು. ಸುತ್ತಲೂ ಮನೆಗಳು ಇಕ್ಕಟ್ಟಾಗಿ ಏಳುತ್ತಿದ್ದವು, ಇಲ್ಲಿಯೂ ಏಳುವುದರಲ್ಲಿದ್ದವು. ಸ್ಥಳೀಯ ಸಂಸತ್ ಸದಸ್ಯ ಥಾಮಸ್ ಲಿನ್ ಬ್ರಿಸ್ಟೋ ಇದನ್ನು ಜನರಿಗಾಗಿ ಕೊಳ್ಳಬೇಕೆಂದು ಹಟ ಹಿಡಿದು ಓಡಾಡಿದರು. ಕೊನೆಗೆ ಸಾರ್ವಜನಿಕ ಹಣದಲ್ಲಿ ಕೊಂಡದ್ದಾಯಿತು. 1892ರ ಜೂನ್‌ನಲ್ಲಿ ಉದ್ಘಾಟನೆಯ ದಿನ, ಸಮಾರಂಭ ಮುಗಿಯುತ್ತಿದ್ದಂತೆ ಬ್ರಿಸ್ಟೋ ಬ್ರಾಕ್‌ವೆಲ್ ಹಾಲಿನ ಮೆಟ್ಟಿಲಿನ ಮೇಲೆ ಕುಸಿದು ಪ್ರಾಣ ಬಿಟ್ಟರು. ಕೊನೆಯ ಬಾರಿ ಅವರು ಕಂಡದ್ದು ಗೇಟು ತೆರೆದು ಒಳಬಂದ ಜನರನ್ನು. ಆ ಮೆಟ್ಟಿಲಿನ ಹತ್ತಿರ ನಿಂತು ಕೆಳಗಿನ ಬೇಲಿಯನ್ನು ನೋಡಿದಾಗ, ಅದನ್ನು ಕಟ್ಟಲು ಅನುಮತಿ ಕೊಟ್ಟವರು ಈ ಜಾಗವನ್ನು ಕಾಯಬೇಕಾದವರೇ ಎಂಬುದು ನನ್ನನ್ನು ಬಹಳ ನೋಯಿಸಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೆ. ಅದನ್ನು ಹೀಗೆ ಅಕ್ಷರಶಃ ಕಣ್ಣೆದುರು ಕಾಣುತ್ತೇನೆಂದು ಎಣಿಸಿರಲಿಲ್ಲ.

ಹಾಗೆಂದು ಈ ಭಾಗದ ಸ್ಥಳೀಯ ಆಡಳಿತವಾದ ಲ್ಯಾಂಬೆತ್ ಕೌನ್ಸಿಲಿನವರನ್ನು ಖಳರಂತೆ ಚಿತ್ರಿಸಲು ನನಗೆ ಮನಸ್ಸಿಲ್ಲ. ಇಂಗ್ಲೆಂಡಿನಲ್ಲಿ ವೃದ್ಧರ ಆರೈಕೆ, ಮಕ್ಕಳ ರಕ್ಷಣೆಯಂಥ ಕೆಲಸಗಳನ್ನು ಸ್ಥಳೀಯ ಆಡಳಿತ ಮಾಡಲೇಬೇಕೆಂದು ಕಾನೂನು ಹೇಳುತ್ತದೆ. ಉದ್ಯಾನಗಳ ನಿರ್ವಹಣೆ ಆ ಪಟ್ಟಿಯಲ್ಲಿಲ್ಲ. 2010ರಿಂದ ಕೇಂದ್ರದ ಅನುದಾನ ಕಡಿತವಾಗುತ್ತ ಬಂದಾಗ ಮೊದಲು ಕತ್ತರಿ ಬಿದ್ದದ್ದು ಇಂಥ ಬಾಬುಗಳಿಗೆ. ಹುಲ್ಲು ಕತ್ತರಿಸುವ ಹಣವನ್ನು ಹುಲ್ಲೇ ಗಳಿಸಲಿ ಎಂಬ ಯೋಚನೆ ಹುಟ್ಟಿದ್ದು ಅಲ್ಲಿಂದ. 1974ರಿಂದ ಲ್ಯಾಂಬೆತ್ ಕಂಟ್ರಿ ಶೋ ಎಂಬ ಮೇಳ ಇದೇ ಉದ್ಯಾನದಲ್ಲಿ ನಡೆಯುತ್ತ ಬಂದಿದೆ. ಪ್ರವೇಶ ಉಚಿತ. ಕುರಿ, ಕುದುರೆ, ಕುಂಬಳಕಾಯಿ, ರೆಗ್ಗೆ ಸಂಗೀತ ಎಲ್ಲವೂ ಅಲ್ಲಿರುತ್ತವೆ, ನಮ್ಮ ಜಾತ್ರೆಗೆ ಬಹಳ ಹತ್ತಿರದ್ದು. ಟಿಕೆಟ್ಟಿನ ಉತ್ಸವಗಳ ಹಣವೇ ಇದನ್ನು ಉಳಿಸುತ್ತಿದೆ ಎಂಬುದು ಕೌನ್ಸಿಲಿನ ವಾದ. ಅದರಲ್ಲಿ ಹುರುಳಿದೆ. ಆದರೆ ತೋಪನ್ನು ಉಳಿಸಲು ತೋಪನ್ನೇ ಬಾಡಿಗೆಗೆ ಕೊಡುತ್ತ ಹೋದರೆ, ಎಲ್ಲಿಗೆ ನಿಲ್ಲಿಸಬೇಕು ಎಂಬುದನ್ನು ಯಾರಾದರೂ ಹೇಳಬೇಕಲ್ಲ?

ಆ ವರ್ಷ ಹೇಳಿದ್ದು ನ್ಯಾಯಾಲಯ. ಕಟ್ಟಡವಲ್ಲದ ಜಾಗವನ್ನು ತಾತ್ಕಾಲಿಕವಾಗಿ ಬೇರೆ ಉದ್ದೇಶಕ್ಕೆ ಬಳಸುವುದಾದರೆ ಇಂಗ್ಲೆಂಡಿನ 2015ರ ಯೋಜನಾ ನಿಯಮ ವರ್ಷಕ್ಕೆ 28 ದಿನ ಕೊಡುತ್ತದೆ. ಅಷ್ಟು ದಿನಕ್ಕೆ ಪ್ರತ್ಯೇಕ ಯೋಜನಾ ಅನುಮತಿ ಬೇಕಿಲ್ಲ. ಅದನ್ನು ಮೀರಿದರೆ ಅರ್ಜಿ ಹಾಕಬೇಕು, ಸುತ್ತಲಿನ ಜನರ ಆಕ್ಷೇಪಣೆ ಕೇಳಬೇಕು, ಮರ, ಹಕ್ಕಿ, ಶಬ್ದ, ಸಂಚಾರ ಎಲ್ಲವನ್ನೂ ತೂಗಿ ನೋಡಬೇಕು. 2025ರ ಬೇಸಿಗೆಗೆ ಪ್ರತ್ಯೇಕ ಅನುಮತಿ ಬೇಕಿಲ್ಲ ಎಂದು ಲ್ಯಾಂಬೆತ್ ಕೌನ್ಸಿಲ್ ಕೊಟ್ಟಿದ್ದ ಪ್ರಮಾಣಪತ್ರದಲ್ಲಿ 24 ದಿನಗಳ ಲೆಕ್ಕವಿತ್ತು. ಆದರೆ ಆ ವರ್ಷ ಇಂಥ ಕಾರ್ಯಕ್ರಮಗಳಿಗೆ ಉದ್ಯಾನ ಬಳಕೆಯಾಗುವುದು ಒಟ್ಟು 37 ದಿನ ಎಂಬುದು ಕೌನ್ಸಿಲಿಗೆ ಗೊತ್ತಿತ್ತು. ನಿವಾಸಿಗಳ ಗುಂಪು ಹೈಕೋರ್ಟಿಗೆ ಹೋಯಿತು. ಮೇ 16ರಂದು ನ್ಯಾಯಮೂರ್ತಿ ಮೌಲ್ಡ್ ನಿವಾಸಿಗಳ ಪರವಾಗಿ ತೀರ್ಪು ಕೊಟ್ಟು ಆ ಪ್ರಮಾಣಪತ್ರವನ್ನು ರದ್ದು ಮಾಡಿದರು.

ಇಡೀ ಮೊಕದ್ದಮೆ ನಿಂತದ್ದು ದಿನ ಎಣಿಸುವುದರ ಮೇಲೆ ಎಂಬುದು ನನಗೆ ಬಹಳ ಮುಖ್ಯವಾಗಿ ತೋರಿತು. ಜಾಹೀರಾತಿನಲ್ಲಿ ಬರುವುದು ಹಾಡಿನ ದಿನ. ಉದ್ಯಾನದ ಪಾಲಿಗೆ ಉತ್ಸವ ಶುರುವಾಗುವುದು ಮೊದಲ ಲಾರಿ ಒಳಬಂದಾಗ, ಮುಗಿಯುವುದು ಕೊನೆಯ ಹಲಗೆ ಹೊರಗೆ ಹೋದಾಗ. ಅಮ್ಮನಿಗೆ ಯೋಜನಾ ನಿಯಮ ಗೊತ್ತಿಲ್ಲ. ಆದರೆ ಅವಳ ಪೆನ್ಸಿಲಿನ ಗೆರೆ ಎಣಿಸುತ್ತಿದ್ದದ್ದು ಅದನ್ನೇ.

ತೀರ್ಪು ಬಂದ ಮೇಲೂ ಬೇಲಿ ಇಳಿಯಲಿಲ್ಲ. ಸಂಘಟಕರ ಕಡೆಯಿಂದ ಹೊಸ ಅರ್ಜಿ ಹೋಯಿತು. ಮೇ 23ರಂದು ವೈಡ್ ಅವೇಕ್ ಎಂಬ ಉತ್ಸವ ಅದೇ ಜಾಗದಲ್ಲಿ ಶುರುವಾಯಿತು. ಅದರ ಹಿಂದೆ ಫೀಲ್ಡ್ ಡೇ, ಕ್ರಾಸ್ ದ ಟ್ರ್ಯಾಕ್ಸ್, ಸಿಟಿ ಸ್ಪ್ಲ್ಯಾಶ್, ಮೈಟಿ ಹೂಪ್ಲಾ ಸಾಲಾಗಿ ಬಂದವು. ಗೆದ್ದವರ ಮುಖದಲ್ಲಿ ಗೆಲುವಿನ ಕಳೆ ಇರಲಿಲ್ಲ. ಟಿಕೆಟ್ ಕೊಂಡಿದ್ದ ಸಾವಿರಾರು ಮಕ್ಕಳ ಬೇಸಿಗೆಯನ್ನು ಹಾಳು ಮಾಡಿದವರು ಎಂಬ ಬೈಗುಳ ಅವರ ಪಾಲಿಗೆ ಬಂದಿತ್ತು.

ಶಬ್ದದ ಬಗ್ಗೆ ಬರೆಯುವಾಗ ನಾನು ನಿಷ್ಪಕ್ಷಪಾತಿಯಲ್ಲ. ಕೆಲವು ವರ್ಷಗಳ ಹಿಂದೆ ನಾವು ನಗರದ ಇನ್ನೊಂದು ಕಡೆ, ಬೇರೊಂದು ಉದ್ಯಾನದ ಬದಿಯಲ್ಲಿ ಬಾಡಿಗೆಗಿದ್ದೆವು. ಮಗಳಿಗೆ ಆಗ ಐದು ತಿಂಗಳು. ಸಂಜೆ ಕಿಟಕಿಗಳನ್ನೆಲ್ಲ ಮುಚ್ಚಿದರೂ ಕಪಾಟಿನಲ್ಲಿದ್ದ ಸ್ಟೀಲ್ ಲೋಟಗಳು ಒಂದಕ್ಕೊಂದು ತಗುಲಿ ಕಿಣಿಕಿಣಿ ಎನ್ನುತ್ತಿದ್ದವು. ಹಾಡು ಕೇಳಿಸುತ್ತಿರಲಿಲ್ಲ, ಪದ ಕೇಳಿಸುತ್ತಿರಲಿಲ್ಲ, ಬರೀ ಗುದ್ದು. ಮಗು ನಿದ್ದೆ ಹತ್ತಿದಂತೆ ಆಗಿ ಬೆಚ್ಚಿ ಏಳುತ್ತಿತ್ತು. ಮೂರನೆಯ ಸಂಜೆ ಸಹಾಯವಾಣಿಗೆ ಕರೆ ಮಾಡಿದೆ. ಆ ಕಡೆಯ ಹುಡುಗಿ ತಾಳ್ಮೆಯಿಂದ ಕೇಳಿಸಿಕೊಂಡು, ಮಾಪಕದಲ್ಲಿ ಶಬ್ದ ಮಿತಿಯೊಳಗೇ ಇದೆ ಎಂದಳು. ಅವಳು ಸುಳ್ಳು ಹೇಳಿದಳೆಂದು ನನಗೆ ಆಗಲೂ ಅನ್ನಿಸಲಿಲ್ಲ.

ತೊಂದರೆ ಇರುವುದು ಅಳತೆಗೋಲಿನಲ್ಲಿ. ಇಂಥ ಕಾರ್ಯಕ್ರಮಗಳಿಗೆ ಬ್ರಿಟನ್ನಿನಲ್ಲಿ ಬಹುಕಾಲ ಆಧಾರವಾಗಿದ್ದದ್ದು 1995ರ ಸಂಹಿತೆ. ಅದರ ಪ್ರಕಾರ ಒಂದು ಬಯಲಿನಲ್ಲಿ ವರ್ಷಕ್ಕೆ ಮೂರು ದಿನದವರೆಗೆ ಕಾರ್ಯಕ್ರಮವಿದ್ದರೆ ಮನೆಗಳ ಮುಂದೆ ಹದಿನೈದು ನಿಮಿಷದ ಸರಾಸರಿ 65 ಡೆಸಿಬೆಲ್ ಮೀರಬಾರದು. ಅದಕ್ಕಿಂತ ಹೆಚ್ಚು ದಿನಗಳಾದರೆ ಮಿತಿ ಇನ್ನೂ ಬಿಗಿ. ಆದರೆ ಆ ಡೆಸಿಬೆಲ್ ಎಣಿಕೆ ಮನುಷ್ಯನ ಕಿವಿಯನ್ನು ಅನುಸರಿಸುತ್ತದೆ, ಕೆಳಸ್ತರದ ಸ್ವರಗಳನ್ನು ಕಡಿಮೆ ಮಾಡಿ ತೂಗುತ್ತದೆ. ಮನೆಯೊಳಗೆ ಬರುವುದು ಆ ಕೆಳಸ್ವರವೇ. ಸೆಕೆಂಡಿಗೆ 50 ಸಲ ಕಂಪಿಸುವ ಬೇಸ್ ಸ್ವರದ ಅಲೆ ಸುಮಾರು 7 ಮೀಟರ್ ಉದ್ದ. ಹಾಡುವವನ ದನಿಯನ್ನು ತಡೆಯುವ ಗಾಜು, ಇಟ್ಟಿಗೆ ಅದಕ್ಕೆ ದೊಡ್ಡ ಅಡ್ಡಿಯೇ ಅಲ್ಲ. ಹೀಗಾಗಿ ಮಾಪಕ ಹೇಳುವುದೂ ನಿಜ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತವರು ಹೇಳುವುದೂ ನಿಜ. ಆದರೆ ಕಡತಕ್ಕೆ ಹೋಗುವುದು ಮಾಪಕದ ಮಾತು ಮಾತ್ರ.

ಯಾರ ದೂರಿಗೆ ಎಷ್ಟು ತೂಕ ಎಂಬುದೂ ಇದೆ. 2012ರ ಜುಲೈನಲ್ಲಿ ಹೈಡ್ ಪಾರ್ಕಿನಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಜೊತೆ ಪಾಲ್ ಮೆಕಾರ್ಟ್ನಿ ಹಾಡುತ್ತಿದ್ದಾಗ, ಹತ್ತೂವರೆಯ ಗಡುವು ಮೀರಿತೆಂದು ವೇದಿಕೆಯ ಧ್ವನಿಯನ್ನೇ ನಿಲ್ಲಿಸಿಬಿಟ್ಟರು. ಅಷ್ಟು ದೊಡ್ಡ ಕಲಾವಿದರ ಬಾಯಿ ಮುಚ್ಚಿಸಿದ್ದು ಸರಿಯೇ ಎಂದು ಊರೆಲ್ಲ ಚರ್ಚೆಯಾಯಿತು. ಹೈಡ್ ಪಾರ್ಕಿನ ಪಕ್ಕದಲ್ಲಿರುವುದು ಮೇಫೇರ್, ಲಂಡನ್ನಿನ ಅತಿ ಶ್ರೀಮಂತರ ಬಡಾವಣೆ. ಬ್ರಾಕ್‌ವೆಲ್ ಪಾರ್ಕಿನ ಸುತ್ತ ದುಬಾರಿ ಮನೆಗಳೂ ಇವೆ, ಕೌನ್ಸಿಲಿನ ಬಾಡಿಗೆ ಮನೆಗಳೂ ಇವೆ. ಹಿತ್ತಲಿಲ್ಲದ, ಬಾಲ್ಕನಿಯೂ ಇಲ್ಲದ ಮೂರನೆಯ ಮಹಡಿಯ ಸಂಸಾರಕ್ಕೆ ಆ ಹುಲ್ಲೇ ಅಂಗಳ. ಬೇಸಿಗೆಯಲ್ಲಿ ಊರು ಬಿಟ್ಟು ಹೋಗುವ ಶಕ್ತಿ ಇರುವವರು ಬೇಲಿ ಕಟ್ಟುವ ವಾರಗಳಲ್ಲಿ ಹೋಗುತ್ತಾರೆ. ಉಳಿದವರು ಉಳಿಯುತ್ತಾರೆ.

ಮಣ್ಣಿನ ಮಾತು ಬೇರೆ. ಅದಕ್ಕೆ ದೂರು ಹೇಳಲು ಬಾಯಿಲ್ಲ. ಲಂಡನ್ನಿನ ಅಡಿಯಲ್ಲಿರುವುದು ಜೇಡಿಮಣ್ಣು. ಒದ್ದೆಯಾದಾಗ ಅದರ ಮೇಲೆ ಲಾರಿ ಹರಿದರೆ, ಸಾವಿರಾರು ಜನ ಕುಣಿದರೆ, ಮಣ್ಣಿನ ಕಣಗಳ ನಡುವಿನ ಗಾಳಿ ಹಿಂಡಿಹೋಗುತ್ತದೆ. ಹುಲ್ಲನ್ನು ಮತ್ತೆ ಬಿತ್ತಬಹುದು, ಒಂದು ಮಳೆಗಾಲದಲ್ಲಿ ಮೇಲ್ಮೈ ಹಸಿರಾಗುತ್ತದೆ. ಆದರೆ ಮರದ ಆಹಾರ ಹೀರುವ ಬೇರುಗಳು ಬಹುಪಾಲು ಮೇಲಿನ ಅರ್ಧ ಮೀಟರಿನಲ್ಲೇ ಹರಡಿರುತ್ತವೆ, ಕೊಂಬೆಗಳ ನೆರಳನ್ನೂ ದಾಟಿ. ಗಟ್ಟಿಯಾದ ಮಣ್ಣಿನಲ್ಲಿ ಅವಕ್ಕೆ ಉಸಿರು ಕಟ್ಟುತ್ತದೆ. ಅದು ಕಾಣಿಸುವುದು ವರ್ಷಗಳ ಮೇಲೆ, ಒಂದು ಬೇಸಿಗೆಯಲ್ಲಿ ತುದಿಯ ಕೊಂಬೆ ಒಣಗಿದಾಗ. ಅಷ್ಟರಲ್ಲಿ ಒಪ್ಪಂದ ಮುಗಿದಿರುತ್ತದೆ, ಅಧಿಕಾರಿ ಬದಲಾಗಿರುತ್ತಾರೆ, ಯಾವ ಮೇ ತಿಂಗಳ ಯಾವ ಲಾರಿ ಕಾರಣವೆಂದು ಯಾರೂ ಹೇಳಲಾರರು. ನಷ್ಟಕ್ಕೆ ಠೇವಣಿ ಇಟ್ಟುಕೊಳ್ಳುತ್ತೇವೆ ಎನ್ನುವವರಿಗೆ ನಾನು ಕೇಳಬೇಕೆಂದಿರುವುದು ಇದನ್ನೇ. ನೂರು ವರ್ಷದ ಓಕ್ ಮರದ ಠೇವಣಿ ಎಷ್ಟು?

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನು ಹೇಳದಿದ್ದರೆ ನಾನು ಪ್ರಾಮಾಣಿಕನಾಗುವುದಿಲ್ಲ. ಒಮ್ಮೆ ಪೂರ್ವ ಲಂಡನ್ನಿನ ವಿಕ್ಟೋರಿಯಾ ಪಾರ್ಕಿನ ಉತ್ಸವಕ್ಕೆ ನಾನೇ ಟಿಕೆಟ್ ಕೊಂಡು ಹೋಗಿದ್ದೇನೆ. ಸಂಜೆಯ ಬಿಸಿಲು, ಗೊತ್ತಿಲ್ಲದವರ ಹೆಗಲ ಮೇಲೆ ಕೈ ಹಾಕಿ ಒಂದೇ ಸಾಲನ್ನು ಸಾವಿರ ಗಂಟಲು ಹಾಡುವುದು, ಇದು ಮನುಷ್ಯನಿಗೆ ಬೇಕಾದದ್ದೇ. ಸಿಟಿ ಸ್ಪ್ಲ್ಯಾಶ್ ಕೆರಿಬಿಯನ್ ಮತ್ತು ಆಫ್ರಿಕನ್ ಸಂಗೀತದ ಉತ್ಸವ. ಬ್ರಿಕ್ಸ್‌ಟನ್ನಿನ ನೆನಪಿನಲ್ಲಿ ಆ ಸಂಗೀತ ಆಳವಾಗಿ ಬೇರೂರಿದೆ. ಮೈಟಿ ಹೂಪ್ಲಾ ಸಲಿಂಗಿ ಮತ್ತು ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದವರು ನೆಮ್ಮದಿಯಿಂದ ಸೇರುವ ದೊಡ್ಡ ಜಾಗಗಳಲ್ಲೊಂದು. ಅಂಥವರಿಗೆ, ಮನೆ ಕೊಳ್ಳುವ ಶಕ್ತಿ ಇರುವವರು ಬಂದು ನಿಮ್ಮ ಸದ್ದು ನಮಗೆ ಬೇಡ ಎಂದಂತೆ ಕೇಳಿಸಿದರೆ ಅದು ಅವರ ತಪ್ಪಲ್ಲ. ನಿವಾಸಿಗಳ ಗುಂಪಿನ ಕೆಲವರ ಮಾತಿನಲ್ಲಿ ಆ ಧಾಟಿ ಬಂದಾಗ ನನಗೂ ಮುಜುಗರವಾಗಿದೆ. ಆದರೆ ಆ ದಿನ ವಿಕ್ಟೋರಿಯಾ ಪಾರ್ಕಿನಲ್ಲಿ ಕುಣಿಯುವಾಗ ನನಗೆ ಬೇಲಿ ಕಂಡೇ ಇರಲಿಲ್ಲ ಎಂಬುದು ಈಗ ನೆನಪಾಗುತ್ತದೆ. ಒಳಗಿರುವವರ ಮುಖ ವೇದಿಕೆಯ ಕಡೆಗಿರುತ್ತದೆ.

ಕಾನೂನು ಎಲ್ಲ ಕಡೆಯೂ ನಿವಾಸಿಗಳ ಪರವಾಗಿಲ್ಲ ಎಂಬುದನ್ನೂ ಹೇಳಬೇಕು. ಉತ್ತರ ಲಂಡನ್ನಿನ ಫಿನ್ಸ್‌ಬರಿ ಪಾರ್ಕಿನಲ್ಲಿ 2014ರಲ್ಲಿ ಶುರುವಾದ ವೈರ್‌ಲೆಸ್ ಎಂಬ ಸಂಗೀತ ಉತ್ಸವದ ವಿರುದ್ಧ ಅಲ್ಲಿಯ ಉದ್ಯಾನದ ಗೆಳೆಯರ ಬಳಗ ಹೈಕೋರ್ಟಿನಲ್ಲಿ ಸೋತಿತು, 2017ರಲ್ಲಿ ಮೇಲ್ಮನವಿಯಲ್ಲೂ ಸೋತಿತು. ಮನರಂಜನೆಗಾಗಿ ಉದ್ಯಾನದ ಭಾಗವನ್ನು ಆವರಿಸುವ ಅಧಿಕಾರವನ್ನು 1972ರ ಸ್ಥಳೀಯ ಆಡಳಿತ ಕಾಯ್ದೆ ಕೌನ್ಸಿಲಿಗೆ ಕೊಟ್ಟಿದೆ ಎಂದಿತು ನ್ಯಾಯಾಲಯ. ಆ ಕಾಯ್ದೆ ಬರೆದವರ ಮನಸ್ಸಿನಲ್ಲಿ ಬ್ಯಾಂಡ್ ಸ್ಟ್ಯಾಂಡು, ಸರ್ಕಸ್ಸು, ಒಂದು ಸಂಜೆಯ ಗಾನಗೋಷ್ಠಿ ಇದ್ದಿರಬೇಕು ಎಂಬುದು ನನ್ನ ಊಹೆ.

ಈ ವಿಷಯದಲ್ಲಿ ನಮ್ಮ ಕಡೆಯವರು ಇಲ್ಲಿಯವರಿಗಿಂತ ಮುಂದೆ ಯೋಚಿಸಿದ್ದರು ಎಂದು ಅಮ್ಮನಿಗೆ ಹೇಳಿದಾಗ ಅವಳಿಗೆ ಸಂತೋಷವಾಯಿತು. ಕಬ್ಬನ್ ಪಾರ್ಕು, ಲಾಲ್‌ಬಾಗಿನಂಥ ಉದ್ಯಾನಗಳಿಗಾಗಿ ಕರ್ನಾಟಕ 1975ರಲ್ಲಿ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ತಂದಿತು. ಕಾಯ್ದೆ ಇದ್ದಮಾತ್ರಕ್ಕೆ ಎಲ್ಲ ಸರಿಯಾಯಿತೆಂದಲ್ಲ. ಕಬ್ಬನ್ ಪಾರ್ಕಿನ ಅಂಚನ್ನು ಉಳಿಸಿಕೊಳ್ಳಲು ಬೆಂಗಳೂರಿನವರು ಎಷ್ಟು ಸಲ ಬೀದಿಗೂ ಕೋರ್ಟಿಗೂ ಹೋಗಿದ್ದಾರೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ದಿನವೂ ನಡೆಯಲು ಬರುವವರ ಪಾಡು ಏನಾಗುತ್ತದೆ ಎಂಬುದನ್ನು ಬಸವನಗುಡಿಯವರನ್ನು ಕೇಳಬೇಕು. ಆದರೂ ಅದು ಹೂವಿನ ಪ್ರದರ್ಶನ, ಮಾಡುವುದು ತೋಟಗಾರಿಕೆ ಇಲಾಖೆ, ಮುಗಿದ ಮೇಲೂ ತೋಟಕ್ಕೆ ಜವಾಬ್ದಾರರು ಅವರೇ. 2024ರಲ್ಲಿ ಮೈಸೂರಿನ ಯುವ ದಸರಾವನ್ನು ನಗರದೊಳಗಿನ ಕಾಲೇಜು ಮೈದಾನದಿಂದ ಹೊರವಲಯದ ಉತ್ತನಹಳ್ಳಿಗೆ ಒಯ್ದರು. ಅಷ್ಟು ದೂರ ಯಾಕೆ ಎಂದು ಗೊಣಗಿದವರಿದ್ದರು. ಲಕ್ಷ ಕಂಠಕ್ಕೆ ತಕ್ಕ ಬಯಲು ಬೇರೆ, ನಿತ್ಯದ ನಡಿಗೆಗೆ ತಕ್ಕ ತೋಪು ಬೇರೆ ಎಂದು ಒಪ್ಪುವುದು ಸಂಗೀತಕ್ಕೆ ಮಾಡುವ ಅವಮಾನವಲ್ಲ ಎಂದು ನಾನು ನಂಬುತ್ತೇನೆ.

ಬ್ರಾಕ್‌ವೆಲ್ ಪಾರ್ಕಿನ ನೆರೆಹೊರೆಯಲ್ಲಿ ನನಗೆ ಗೊತ್ತಿರುವ ಯಾರೂ ಉದ್ಯಾನ ಸ್ಮಶಾನದಂತೆ ಇರಲಿ ಎಂದು ಬಯಸುವುದಿಲ್ಲ. ಅವರಲ್ಲಿ ಅರ್ಧದಷ್ಟು ಜನ ಕಂಟ್ರಿ ಶೋಗೆ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಾರೆ. ಬೇಲಿ ಏಳುವ ದಿನದಿಂದ ಇಳಿಯುವ ದಿನದವರೆಗೆ ಎಣಿಸಿ ಎನ್ನುತ್ತಾರೆ. ಬಂದ ಹಣದಲ್ಲಿ ಈ ಉದ್ಯಾನಕ್ಕೆ ಎಷ್ಟು ಹೋಯಿತು ಎಂಬುದನ್ನು ಎಲ್ಲರೂ ಓದುವಂತೆ ಬರೆದು ಹಾಕಿ ಎನ್ನುತ್ತಾರೆ. ಒಂದು ವರ್ಷ ಹಾಡಿದರೆ ಒಂದು ವರ್ಷ ನೆಲ ಮಲಗಲಿ ಎನ್ನುವವರಿದ್ದಾರೆ. ಹೊಲಕ್ಕೂ ನಾವು ಬೀಳು ಬಿಡುತ್ತೇವೆ. ಎಲ್ಲಕ್ಕಿಂತ ಮೊದಲು, ನಿರ್ಧಾರ ಆದ ಮೇಲೆ ತಿಳಿಸುವ ಬದಲು ಆಗುವ ಮುಂಚೆ ಕೇಳಿ ಎನ್ನುತ್ತಾರೆ.

ಜೂನ್ ಮೊದಲ ವಾರದಲ್ಲಿ ಅಮ್ಮ ಮೈಸೂರಿಗೆ ಹೊರಟಳು. ಬೇಲಿ ಇನ್ನೂ ಇತ್ತು. ಹೊರಡುವ ಹಿಂದಿನ ಸಂಜೆ ಬೇಲಿಯ ಹೊರಗಿನ ದಾರಿಯಲ್ಲಿ ನಾವಿಬ್ಬರೂ ನಿಧಾನವಾಗಿ ಒಂದು ಸುತ್ತು ಹಾಕಿದೆವು. ಶುಂಠಿ ಕೇಕಿನ ಅಜ್ಜಿ ಸಿಗಬಹುದೆಂದು ಅಮ್ಮ ಕೋಡುಬಳೆಯ ಡಬ್ಬಿ ತಂದಿದ್ದಳು. ಅಜ್ಜಿ ಎಲ್ಲೂ ಕಾಣಲಿಲ್ಲ. ಅವರ ಮನೆ ಯಾವ ಬೀದಿಯಲ್ಲಿದೆ ಎಂಬುದು ಅಮ್ಮನಿಗೆ ಗೊತ್ತಿರಲಿಲ್ಲ. ಅವರಿಬ್ಬರಿಗೂ ಇದ್ದ ವಿಳಾಸ ಆ ಬೆಂಚು ಒಂದೇ.

ಡಬ್ಬಿಯನ್ನು ನನ್ನ ಬಳಿಯೇ ಬಿಟ್ಟುಹೋದಳು. ಪಂಚಾಂಗ ಅವಳ ಜೊತೆ ಹೋಯಿತು. ಊರು ಮುಟ್ಟಿದ ಮರುದಿನ ಫೋನು ಮಾಡಿ, ಪ್ರಯಾಣದ ವಿಷಯ ಎರಡು ಮಾತಿನಲ್ಲಿ ಮುಗಿಸಿ, "ಬೇಲಿ ತೆಗೆದರೇನೋ?" ಎಂದಳು.

"ಇಲ್ಲ ಅಮ್ಮ."

"ಸರಿ, ಇವತ್ತೂ ಗೆರೆ ಎಳೆಯುತ್ತೇನೆ" ಎಂದಳು.